ಮಗ್ರಿಬ್ ಬಾಂಗಿಗೆ ನಿಲ್ಲದ ಆಟ

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2025ರ ಆಗಸ್ಟ್ ತಿಂಗಳಲ್ಲಿ. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಎಲ್ಲ ಸೇರಿ ಮೂರೇ ದಿನ. ಆ ವಾರ ನಮ್ಮ ಮೊಹಲ್ಲಾಗಳಲ್ಲಿ ಒಂದು ನೆಮ್ಮದಿಯ ಮಾತು ಕೇಳಿಬಂತು: "ಅಲ್‌ಹಮ್ದುಲಿಲ್ಲಾಹ್, ಸರ್ಕಾರವೇ ಗೇಮ್ ಬಂದ್ ಮಾಡಿತಲ್ಲ!"

ಆದರೆ ಮನೆಗೆ ಹೋಗಿ ನೋಡಿದರೆ ಹುಡುಗ ಮೂಲೆಯಲ್ಲಿ ಕೂತು ಆಡ್ತಾನೇ ಇದ್ದ. ಯಾಕೆಂದರೆ ಆ ಕಾನೂನು ಅವನ ಆಟವನ್ನು ಮುಟ್ಟಿಯೇ ಇಲ್ಲ. ಅದು ಆಟಗಳನ್ನು ಮೂರು ಬಗೆ ಮಾಡ್ತದೆ. ಹಣ ಇಟ್ಟು ಹಣ ಗೆಲ್ಲುವ ಆಟ ನಿಷಿದ್ಧ. ಇ-ಸ್ಪೋರ್ಟ್ಸ್ ಎಂದು ಕರೆಯುವ ಸ್ಪರ್ಧೆಯ ಆಟಕ್ಕೆ ಮಾನ್ಯತೆ. ಮನರಂಜನೆಗೆ ಆಡುವ ಸೋಶಿಯಲ್ ಗೇಮ್‌ಗಳಿಗೆ ಉತ್ತೇಜನ. ಕಾನೂನಿನ ಹೆಸರಿನಲ್ಲೇ ನಿಯಂತ್ರಣಕ್ಕಿಂತ ಮೊದಲು ಬರುವ ಶಬ್ದ ಉತ್ತೇಜನ. ಹಾಗಾಗಿ ರಮ್ಮಿ, ಪೋಕರ್, ಹಣ ಕಟ್ಟುವ ಕ್ರಿಕೆಟ್ ತಂಡದ ಆ್ಯಪ್‌ಗಳು ನಿಂತವು. ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ, ರೋಬ್ಲಾಕ್ಸ್, ಮೈನ್‌ಕ್ರಾಫ್ಟ್ ಇದ್ದಲ್ಲೇ ಇವೆ.

ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಮನೆಗಳಲ್ಲಿ ನಡೆಯುವ ಜಗಳಗಳಲ್ಲಿ ಅರ್ಧದಷ್ಟು ಹಣದ ಆಟದ ಬಗ್ಗೆ ಅಲ್ಲ. ಅವು ಹೊತ್ತಿನ ಬಗ್ಗೆ, ಮಾತಿನ ಬಗ್ಗೆ, "ಊಟಕ್ಕೆ ಬಾ" ಅಂದರೆ ಬಾರದಿರುವ ಬಗ್ಗೆ. ಅದಕ್ಕೆ ದೆಹಲಿಯಲ್ಲಿ ಕಾನೂನು ಇಲ್ಲ. ಅದನ್ನು ನಾವೇ ನೋಡಿಕೊಳ್ಳಬೇಕು.

ಮೂರು ತಲೆಮಾರು, ಮೂರು ಬಗೆ

ಗೇಮ್ ಅಂದರೆ ಮಕ್ಕಳ ಚಟ ಅಂತ ನಾವು ಮಾತಾಡ್ತೇವೆ. ನಿಜ ಹಾಗಿಲ್ಲ. ಮನೆಯಲ್ಲಿ ಉಮ್ಮ ಕ್ಯಾಂಡಿ ಕ್ರಶ್ ಆಡ್ತಾರೆ. ದಮ್ಮಾಮ್‌ನಲ್ಲೋ ದೇರಾದಲ್ಲೋ ಡ್ಯೂಟಿ ಮುಗಿಸಿ ರೂಮಿಗೆ ಬಂದ ಮೂವತ್ತರ ಯುವಕ ಬಂಕ್ ಬೆಡ್ಡಿನ ಮೇಲೆ ಮಲಗಿ ಬಿಜಿಎಂಐ ಆಡ್ತಾನೆ. ಲಾಕ್‌ಡೌನ್ ಕಾಲದಲ್ಲಿ ಮುಂಬೈಯ ಕಂಪೆನಿಯೊಂದು 2016ರಲ್ಲಿ ಹೊರತಂದ ಲೂಡೋ ಕಿಂಗ್ ಇಡೀ ದೇಶದ ಮನೆ ಮನೆ ಹೊಕ್ಕಿತು. ಮಗ ಊರಲ್ಲಿ, ಬಾಪ ಗಲ್ಫ್‌ನಲ್ಲಿ, ನಡುವೆ ಒಂದು ಲೂಡೋ ಮಣೆ. ಆಡುವವರು ಎಲ್ಲ ವಯಸ್ಸಿನವರೂ ಉಂಟು. ವ್ಯತ್ಯಾಸ ಇರುವುದು ಆಡುವ ರೀತಿಯಲ್ಲಿ.

ನಮ್ಮ ಹಿರಿಯರ ಆಟ ಬಯಲಿನದ್ದು. ಲಗೋರಿ, ಗೋಲಿ, ಚಿನ್ನಿದಾಂಡು, ಗದ್ದೆ ಕೊಯ್ಲಾದ ಮೇಲೆ ಕಬಡ್ಡಿ, ಚೆಂಡಾಟ. ಆ ಆಟವನ್ನು ನಿಲ್ಲಿಸಲು ಯಾರೂ ಬೆತ್ತ ಹಿಡಿದು ಬರಬೇಕಾಗಿರಲಿಲ್ಲ. ಕತ್ತಲಾದರೆ ಚೆಂಡು ಕಾಣುವುದಿಲ್ಲ. ಮಗ್ರಿಬ್ ಬಾಂಗ್ ಕೇಳಿದರೆ ಗುಂಪು ತಾನಾಗಿ ಚದುರುತ್ತಿತ್ತು. ಎಲ್ಲರ ಮನೆಯಲ್ಲೂ ಅದೇ ನಿಯಮ ಇದ್ದುದರಿಂದ ಒಬ್ಬನೇ ಎದ್ದು ಹೋದ ಎಂಬ ಅವಮಾನವೂ ಇರಲಿಲ್ಲ.

ಎರಡನೆಯದು ಈಗ ನಲವತ್ತರ ಆಚೀಚೆ ಇರುವವರ ತಲೆಮಾರು. ಗಲ್ಫ್‌ನಿಂದ ಬರುವ ಪೆಟ್ಟಿಗೆಯಲ್ಲಿ ಟ್ಯಾಂಗ್, ನಿಡೋ, ಸೆಂಟಿನ ಜೊತೆ ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಬರುತ್ತಿತ್ತು. ಕ್ಯಾಸೆಟ್ ಹಾಕಿದರೆ 1985ರ ಜಪಾನಿನ ಮಾರಿಯೋ ಓಡುತ್ತಿದ್ದ. ಆ ಮನೆಯ ಟಿವಿ ಎದುರು ನೆರೆಕರೆಯ ಹತ್ತು ಮಕ್ಕಳು ಕೂರುತ್ತಿದ್ದರು. ಒಬ್ಬ ಸತ್ತರೆ ಇನ್ನೊಬ್ಬನ ಸರದಿ. ಮುಂದೆ ನೋಕಿಯಾ ಫೋನಿನ ಹಾವಿನ ಆಟ ಬಂತು. ಮಂಗಳೂರು, ಪುತ್ತೂರಿನ ಸೈಬರ್ ಕೆಫೆಗಳಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಕೌಂಟರ್ ಸ್ಟ್ರೈಕ್ ಆಡುವ ಕಾಲವೂ ಬಂತು. ಅಲ್ಲಿಯೂ ಆಟಕ್ಕೆ ಒಂದು ಗಡಿ ಇತ್ತು. ಕರೆಂಟ್ ಹೋಗ್ತಿತ್ತು, ಜೇಬಿನ ಕಾಸು ಮುಗಿಯುತ್ತಿತ್ತು, ಹಿರಿಯರು ವಾರ್ತೆ ನೋಡಲು ಟಿವಿ ಕೇಳುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ ಆಟದಲ್ಲಿ ನಿಲ್ಲಿಸಿ ಇಡುವ ಬಟನ್ ಇತ್ತು. ಮಾರಿಯೋ ಹಾರಿದವನು ಹಾರಿದಲ್ಲೇ ನಿಂತಿರುತ್ತಿದ್ದ, ನಮಾಝ್ ಮುಗಿಸಿ ಬಂದು ಮುಂದುವರಿಸಬಹುದಿತ್ತು.

ಮೂರನೆಯದು ಈಗಿನ ಮಕ್ಕಳದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಫೋನಿಗೆ ಬಂತು. 2020ರಲ್ಲಿ ಶಾಲೆಯೇ ಫೋನಿನೊಳಗೆ ಬಂತು, ಫೋನ್ ಬೇಡ ಅನ್ನುತ್ತಿದ್ದ ತಂದೆ ತಾಯಿಯೇ ಸಾಲ ಮಾಡಿ ಫೋನ್ ತೆಗೆದುಕೊಟ್ಟರು. ಕ್ಲಾಸ್ ಮುಗಿದ ಮೇಲೆ ಶಾಲೆ ಫೋನಿನಿಂದ ಹೊರಗೆ ಹೋಯಿತು, ಫೋನ್ ಮಾತ್ರ ಕೈಯಲ್ಲೇ ಉಳಿಯಿತು. ಈ ಮಕ್ಕಳ ಆಟಕ್ಕೆ ಕತ್ತಲಿಲ್ಲ, ಕಾಸು ಮುಗಿಯುವ ಗಂಟೆಯಿಲ್ಲ, ನಿಲ್ಲಿಸಿ ಇಡುವ ಬಟನ್ನೂ ಇಲ್ಲ.

ನಡುವೆ ಎದ್ದು ಬರುವುದಿಲ್ಲ ಯಾಕೆ?

ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವ ವಿಷಯ ಇದೇ. ಅನ್ನ ಬಡಿಸಿ ಹತ್ತು ಸಲ ಕರೆದರೂ "ಒಂದ್ನಿಮಿಷ ಉಮ್ಮ" ಎಂಬ ಉತ್ತರ. ಅವಿಧೇಯತೆ ಅಂತ ನಾವು ತಿಳೀತೇವೆ. ಸ್ವಲ್ಪ ಅದೂ ಇರಬಹುದು. ಆದರೆ ಆಟದ ಕಟ್ಟೋಣವನ್ನೂ ತಿಳಿದುಕೊಳ್ಳಬೇಕು.

ಬಿಜಿಎಂಐಯ ದೊಡ್ಡ ಮೈದಾನದ ಒಂದು ಆಟದಲ್ಲಿ 100 ಜನ ಇಳಿಯುತ್ತಾರೆ. ಕೊನೆಗೆ ಉಳಿದ ತಂಡ ಗೆಲ್ಲುತ್ತದೆ. ಮುಗಿಯಲು ಸುಮಾರು ಅರ್ಧ ಗಂಟೆ ಬೇಕು. ನಾಲ್ಕು ಜನರ ತಂಡಕ್ಕೆ ಸ್ಕ್ವಾಡ್ ಅಂತ ಹೆಸರು. ನಡುವೆ ಒಬ್ಬ ಫೋನ್ ಕೆಳಗಿಟ್ಟರೆ ಉಳಿದ ಮೂವರು ಸಾಯುತ್ತಾರೆ, ಎಲ್ಲರ ರ‍್ಯಾಂಕ್ ಇಳಿಯುತ್ತದೆ. ಮರುದಿನ ಶಾಲೆಯಲ್ಲಿ "ಇವನನ್ನು ಸೇರಿಸಬೇಡಿ, ನಡುವೆ ಓಡ್ತಾನೆ" ಅನ್ನುವ ಮಾತು. ಹದಿಮೂರು ಹದಿನಾಲ್ಕರ ಹುಡುಗನಿಗೆ ಗೆಳೆಯರ ಎದುರು ಆ ಹೆಸರು ಬರುವುದು ಸಣ್ಣ ಸಂಗತಿ ಅಲ್ಲ. ಅವನ ಒಂದು ಕಿವಿಯಲ್ಲಿ ಉಮ್ಮನ ಕರೆ, ಇನ್ನೊಂದು ಕಿವಿಯಲ್ಲಿ ಇಯರ್‌ಫೋನ್ ಮೂಲಕ ಮೂವರ ಕೂಗು.

ಅಂದರೆ ಅವನನ್ನು ಹಿಡಿದಿಟ್ಟಿರುವುದು ಪರದೆಯ ಬಣ್ಣ ಮಾತ್ರ ಅಲ್ಲ, ಗೆಳೆತನ. ಹಳೆಯ ಮೈದಾನದಲ್ಲಿ ಇದ್ದದ್ದೂ ಅದೇ. ವ್ಯತ್ಯಾಸ ಏನೆಂದರೆ ಆ ಮೈದಾನದಲ್ಲಿ ಎಲ್ಲರಿಗೂ ಒಂದೇ ಬಾಂಗ್ ಕೇಳುತ್ತಿತ್ತು. ಈ ಸ್ಕ್ವಾಡಿನಲ್ಲಿ ಒಬ್ಬ ಉಳ್ಳಾಲದವನು, ಒಬ್ಬ ಫರಂಗಿಪೇಟೆಯವನು, ಮೂರನೆಯವನು ಜುಬೈಲ್‌ನಲ್ಲಿರುವ ಚಿಕ್ಕಪ್ಪನ ಮಗ, ನಾಲ್ಕನೆಯವನು ಯಾರೆಂದೇ ಗೊತ್ತಿಲ್ಲ. ಎಲ್ಲರಿಗೂ ಒಟ್ಟಿಗೆ ಹೊತ್ತು ಮುಳುಗುವುದಿಲ್ಲ. ಊರಲ್ಲಿ ಇಶಾ ಮುಗಿದು ಮನೆಯವರು ಮಲಗುವ ಹೊತ್ತಿಗೆ ಸೌದಿಯಲ್ಲಿ ಆಟ ಶುರುವಾಗುವ ಸಮಯ.

ಇದರ ಮೇಲೆ ಕಂಪೆನಿಗಳ ಲೆಕ್ಕಾಚಾರ. ಪ್ರತಿದಿನ ಒಮ್ಮೆಯಾದರೂ ತೆರೆದರೆ ಒಂದು ಬಹುಮಾನ, ದಿನದ ಕೆಲಸ ಮುಗಿಸಿದರೆ ಇನ್ನೊಂದು, ವಾರದ್ದು ಬೇರೆ, ಇಷ್ಟು ವಾರದೊಳಗೆ ಮುಗಿಸದಿದ್ದರೆ ಕೈತಪ್ಪುವ ಪಾಸ್ ಮತ್ತೊಂದು. ಆಟ ಒಂದೇ ಸಲ ಮಾರಾಟವಾಗುವ ಸಾಮಾನಲ್ಲ. ಕೊಡುವಾಗ ಪುಕ್ಕಟೆ. ಮಕ್ಕಳು ಎಷ್ಟು ಹೊತ್ತು ಒಳಗಿರುತ್ತಾರೋ ಅದರ ಮೇಲೆ ಕಂಪೆನಿಯ ಲಾಭ ನಿಂತಿದೆ. ಹಾಗಿರುವಾಗ ಮಗುವಿನ ಮನಸ್ಸು ಗಟ್ಟಿಯಿಲ್ಲ ಅಂತ ದೂರುವುದು ಅರ್ಧ ಸತ್ಯ. ಆ ಕಡೆ ಕೂತಿರುವವರು ಇದನ್ನೇ ಕಲಿತು ಬಂದ ದೊಡ್ಡವರು.

ಫೋನಿನೊಳಗಿನ ಜಗಲಿ

ಮದ್ರಸದಲ್ಲಿ ಬೆಳಗ್ಗಿನ ತರಗತಿಗೆ ಬರುವ ಮಕ್ಕಳ ಮುಖ ನೋಡಿದರೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದಾರೆ ಅಂತ ಗೊತ್ತಾಗ್ತದೆ. ಸುಬ್ಹಿ ಕಳೆದು ಏಳು ಗಂಟೆಗೆ ಖುರ್‌ಆನ್ ಮುಂದೆ ಕೂತ ಮಗುವಿನ ಕಣ್ಣು ಮುಚ್ಚಿ ಮುಚ್ಚಿ ಹೋಗ್ತದೆ. ಇದನ್ನು ಯಾವ ಉಸ್ತಾದರನ್ನು ಕೇಳಿದರೂ ಹೇಳ್ತಾರೆ. ಮೊದಲು ರಮಝಾನ್ ತಿಂಗಳಲ್ಲಿ, ಮದುವೆ ಮನೆಯ ಮರುದಿನ ಹೀಗೆ ಕಾಣುತ್ತಿತ್ತು. ಈಗ ವಾರದ ಎಲ್ಲ ದಿನ.

ಮಾತಿನಲ್ಲೂ ಬದಲಾವಣೆ ಉಂಟು. ಸ್ಕ್ವಾಡಿನಲ್ಲಿ ನಾಲ್ವರೂ ನಮ್ಮವರೇ ಆದರೆ ಬ್ಯಾರಿ ಭಾಷೆಯಲ್ಲೇ ಜೋರು ಜೋರು ಮಾತು. ಎದುರಾಳಿಗೆ ಅರ್ಥವಾಗದ ಗುಟ್ಟಿನ ಭಾಷೆಯಾಗಿ ಅದು ಕೆಲಸಕ್ಕೆ ಬರ್ತದೆ. ಬ್ಯಾರಿ ಮಾತಾಡಲು ನಾಚುವ ಪೇಟೆಯ ಹುಡುಗನೂ ಆಟದಲ್ಲಿ ನಾಚದೆ ಆಡ್ತಾನೆ ಎಂಬುದು ಒಂದು ಸಂತೋಷವೇ. ಆದರೆ ಹೊರಗಿನವನೊಬ್ಬ ಸೇರಿದ ಕೂಡಲೇ ಹಿಂದಿ ಶುರು. ಆ ಹಿಂದಿಯನ್ನು ಅವರು ಕಲಿತದ್ದು ಯೂಟ್ಯೂಬಿನಲ್ಲಿ ಆಟ ತೋರಿಸುತ್ತಾ ಮಾತಾಡುವವರಿಂದ. ಅದರ ಜೊತೆ ಬರುವ ಬೈಗುಳದ ಅರ್ಥ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ತಾಯಿಗೆ, ತಂಗಿಗೆ ಸೇರಿಸಿ ಬೈಯುವ ಮಾತು ಹತ್ತು ವರ್ಷದ ಬಾಯಲ್ಲಿ "ಅಯ್ಯೋ" ಅನ್ನುವಷ್ಟು ಸಲೀಸಾಗಿ ಬರ್ತದೆ. ಅರ್ಥ ಏನೆಂದು ಕೂರಿಸಿ ಹೇಳಿದರೆ ಹೆಚ್ಚಿನವರು ತಲೆ ತಗ್ಗಿಸುತ್ತಾರೆ. ಬೈದು ಹೊಡೆದರೆ ಆ ಮಾತು ಮನೆಯಲ್ಲಿ ಮಾತ್ರ ನಿಲ್ಲುತ್ತದೆ, ಆಟದಲ್ಲಿ ಅಲ್ಲ.

ಹೆಣ್ಣುಮಕ್ಕಳೂ ಆಡ್ತಾರೆ. ಆದರೆ ಗಂಡಿನ ಹೆಸರಿಟ್ಟುಕೊಂಡು, ಮೈಕ್ ಬಂದ್ ಮಾಡಿಕೊಂಡು. ಹೆಣ್ಣು ಸ್ವರ ಕೇಳಿದ ಕೂಡಲೇ ಅಪರಿಚಿತರಿಂದ ಬರುವ ಮಾತುಗಳಿಗೆ ಹೆದರಿ ಅವರೇ ಕಂಡುಕೊಂಡ ಉಪಾಯ ಇದು. ಮನೆಯಲ್ಲಿ ಹೇಳಿದರೆ ಫೋನೇ ಹೋಗ್ತದೆ ಎಂಬ ಭಯಕ್ಕೆ ಯಾರಿಗೂ ಹೇಳುವುದಿಲ್ಲ. ಆಟದಲ್ಲಿ ಪರಿಚಯವಾದವನು ವಾಟ್ಸಪ್ ನಂಬರ್ ಕೇಳುವುದು, ಫೋಟೋ ಕೇಳುವುದು ಇಲ್ಲಿಂದಲೇ ಮುಂದುವರಿಯುತ್ತದೆ. ಮಗಳು ಬಂದು ಹೇಳಿಕೊಳ್ಳುವ ಧೈರ್ಯ ಮನೆಯಲ್ಲಿ ಇರಬೇಕು. ಇದು ಎಲ್ಲ ನಿಯಮಗಳಿಗಿಂತ ದೊಡ್ಡದು.

ಗಲ್ಫ್‌ನ ರೂಮುಗಳ ಕಥೆ ಬೇರೆ. ಅಲ್ಲಿಯ ಯುವಕರಿಗೆ ಆಟವೆಂದರೆ ಊರಿನ ಗೆಳೆಯರ ಜೊತೆಗಿನ ಜಗಲಿ. ಹನ್ನೆರಡು ಗಂಟೆ ದುಡಿದವನು ಒಂದು ಗಂಟೆ ನಕ್ಕು ಮಲಗಿದರೆ ಯಾರೂ ಆಕ್ಷೇಪಿಸಲಾರರು. ಆದರೆ ಹೆಂಡತಿಯ ಕರೆಗೆ "ಮ್ಯಾಚ್‌ನಲ್ಲಿದ್ದೇನೆ, ಆಮೇಲೆ" ಅನ್ನುವುದು ದಿನದ ಮಾತಾದರೆ ಅದು ಬೇರೆಯೇ ನಷ್ಟ. ಮಗನಿಗೆ ಫೋನಿನಲ್ಲಿ "ಗೇಮ್ ಆಡಬೇಡ" ಎಂದು ಬುದ್ಧಿ ಹೇಳುವ ಬಾಪನನ್ನು ಅದೇ ಮಗ ರಾತ್ರಿ ಆಟದಲ್ಲಿ ಆನ್‌ಲೈನ್ ನೋಡ್ತಾನೆ. ಆಗ ಬುದ್ಧಿಮಾತು ಎಲ್ಲಿ ನಿಲ್ಲುತ್ತದೆ?

ಆಟ ಎಲ್ಲಿ ಮುಗಿದು ಜೂಜು ಎಲ್ಲಿ ಶುರು?

ಈಗ ಕಾನೂನಿನ ವಿಷಯಕ್ಕೆ ಬರುವ. ನಮ್ಮ ದೇಶದ ಕೋರ್ಟುಗಳಲ್ಲಿ ಬಹಳ ವರ್ಷಗಳಿಂದ ಒಂದು ವಾದ ನಡೆದಿತ್ತು. ಬುದ್ಧಿ, ಕೌಶಲದಿಂದ ಗೆಲ್ಲುವ ಆಟ ಜೂಜಲ್ಲ, ಅದೃಷ್ಟದಿಂದ ಗೆಲ್ಲುವುದು ಮಾತ್ರ ಜೂಜು ಎಂದು. ಕರ್ನಾಟಕ ಸರ್ಕಾರ 2021ರಲ್ಲಿ ಹಣದ ಆಟಗಳನ್ನು ನಿಷೇಧಿಸಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಾಗ 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ಈ ವಾದದ ಹಿನ್ನೆಲೆಯಲ್ಲೇ. 2025ರ ಕೇಂದ್ರದ ಕಾನೂನು ಈ ವ್ಯತ್ಯಾಸವನ್ನೇ ಬದಿಗಿಟ್ಟಿದೆ. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಹಣ ಗೆಲ್ಲುವ ಆಸೆಯಲ್ಲಿ ಆಡಿದರೆ ಅದು ಹಣದ ಆಟ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿ ಕಳಕೊಂಡವನನ್ನು ಕಾನೂನು ಅಪರಾಧಿ ಅಂತ ನೋಡುವುದಿಲ್ಲ. 45 ಕೋಟಿ ಜನ ಇಂಥ ಆಟಗಳಿಂದ ತೊಂದರೆಗೊಳಗಾಗಿ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಕಳಕೊಂಡಿದ್ದಾರೆ ಎಂಬುದು ಕೇಂದ್ರ ಸರ್ಕಾರವೇ ಹೇಳಿದ ಅಂದಾಜು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರಿದ್ದ ಡ್ರೀಮ್ 11 ಕೂಡ ಹಣದ ಸ್ಪರ್ಧೆ ನಿಲ್ಲಿಸಬೇಕಾಯಿತು. ಕಾನೂನನ್ನು ಪ್ರಶ್ನಿಸಿ ಕರ್ನಾಟಕ ಸೇರಿ ಬೇರೆ ಬೇರೆ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ನಮ್ಮವರಲ್ಲೂ ಐಪಿಎಲ್ ಬಂದರೆ "ಇದು ತಲೆ ಓಡಿಸುವ ಆಟ ಉಸ್ತಾದ್, ಜೂಜಲ್ಲ, ಕೋರ್ಟೇ ಹೇಳಿದೆ" ಅನ್ನುವವರು ಕಡಿಮೆ ಇರಲಿಲ್ಲ. ಐದು ಹೊತ್ತು ನಮಾಝ್ ಮಾಡುವವರೇ 49 ರೂಪಾಯಿ ಕಟ್ಟಿ ತಂಡ ಮಾಡುತ್ತಿದ್ದರು. ಇಲ್ಲಿ ಶರೀಅತ್ತಿನ ಅಳತೆಕೋಲು ಬೇರೆ. ಸೂರಃ ಮಾಇದಾದಲ್ಲಿ ಮದ್ಯದ ಜೊತೆ ಸೇರಿಸಿ ನಿಷೇಧಿಸಲಾದ ಮೈಸಿರ್‌ನಲ್ಲಿ ನೋಡಬೇಕಾದದ್ದು ಹಣದ ಚಲನೆ. ಇಬ್ಬರೂ ಹಣ ಇಟ್ಟು, ಗೆದ್ದವನು ಸೋತವನದ್ದನ್ನು ಒಯ್ಯುವುದಾದರೆ ಅಲ್ಲಿ ಎಷ್ಟೇ ಬುದ್ಧಿ ಖರ್ಚಾಗಲಿ, ಹೆಸರು ಬದಲಾಗುವುದಿಲ್ಲ. ಬಾಣ, ಕುದುರೆಯಂಥ ಸ್ಪರ್ಧೆಗೆ ಬಹುಮಾನ ಇಡಲು ಅವಕಾಶ ಉಂಟು, ಅದಕ್ಕೂ ಶರತ್ತುಗಳಿವೆ. ಹೊರಗಿನವರು ಇಟ್ಟ ಬಹುಮಾನ ಬೇರೆ, ಆಡುವವರ ಜೇಬಿನಿಂದಲೇ ಒಟ್ಟುಗೂಡಿದ ಮಡಕೆ ಬೇರೆ.

ಹಣ ಇಲ್ಲದಿದ್ದರೆ ಎಲ್ಲ ಸರಿಯಾ? ನಮ್ಮ ಶಾಫಿಈ ಕಿತಾಬುಗಳಲ್ಲಿ ಇದಕ್ಕೂ ಒಂದು ದಾರಿ ತೋರಿಸಿದ್ದಾರೆ. ಲೆಕ್ಕ, ಯೋಚನೆಯ ಮೇಲೆ ನಿಂತ ಆಟ ಒಂದು ಬಗೆ, ದಾಳ ಬಿದ್ದಂತೆ ನಡೆಯುವ ಆಟ ಇನ್ನೊಂದು ಬಗೆ. ಚದುರಂಗವನ್ನು ಹಣವಿಲ್ಲದೆ, ನಮಾಝ್ ಕೈತಪ್ಪದಂತೆ ಆಡುವುದನ್ನು ಮಕ್ರೂಹ್ ಅಂದಿದ್ದಾರೆ. ದಾಳದ ಆಟವಾದ ನರ್ದ್‌ನ ವಿಷಯದಲ್ಲಿ ಕಟ್ಟುನಿಟ್ಟು. ಲೂಡೋ ಬಗ್ಗೆ ಉಲಮಾಗಳು ಎಚ್ಚರಿಸುವುದು ಇದೇ ಕಾರಣಕ್ಕೆ. ಒಂದೊಂದು ಗೇಮಿಗೆ ಫತ್ವಾ ಕೊಡುವುದು ಈ ಅಂಕಣದ ಕೆಲಸವಲ್ಲ, ಅದಕ್ಕೆ ನಿಮ್ಮ ಖತೀಬರನ್ನು ಕೇಳಿ. ಆದರೆ ಸಾವಿರ ವರ್ಷದ ಹಿಂದಿನ ಈ ವಿಂಗಡಣೆ ಇಂದಿನ ಫೋನಿಗೂ ಕೆಲಸಕ್ಕೆ ಬರ್ತದೆ.

ಹೇಗೆಂದರೆ, ಮಕ್ಕಳ ಆಟದೊಳಗೇ ಒಂದು ದಾಳ ಅಡಗಿದೆ. ಬಿಜಿಎಂಐಯಲ್ಲಿ ಯುಸಿ, ಫ್ರೀ ಫೈರ್‌ನಲ್ಲಿ ಡೈಮಂಡ್ ಎಂಬ ಆಟದ ನಾಣ್ಯ ಉಂಟು. ಅದನ್ನು ನಿಜವಾದ ರೂಪಾಯಿ ಕೊಟ್ಟು ಕೊಳ್ಳಬೇಕು. ಆಮೇಲೆ ಆ ನಾಣ್ಯದಿಂದ ಕ್ರೇಟ್ ಎಂಬ ಪೆಟ್ಟಿಗೆ ತೆರೆಯಬಹುದು, ಚಕ್ರ ತಿರುಗಿಸಬಹುದು. ಒಳಗೆ ಏನಿದೆ ಅಂತ ಮೊದಲು ಗೊತ್ತಿಲ್ಲ. ಬಂದೂಕಿಗೆ ಹೊಳೆಯುವ ಬಣ್ಣ ಸಿಗಬಹುದು, ಕೆಲಸಕ್ಕೆ ಬಾರದ್ದೂ ಸಿಗಬಹುದು. ಸಿಗದಿದ್ದರೆ ಇನ್ನೊಮ್ಮೆ. ಗೆದ್ದದ್ದನ್ನು ಹಣ ಮಾಡಲಾಗದು ಎಂಬ ಕಾರಣಕ್ಕೆ ಇದು ಹಣದ ಆಟದಿಂದ ಬೇರೆ ಎಂದು ಕಂಪೆನಿಗಳು ಹೇಳುತ್ತವೆ. ಬೆಲ್ಜಿಯಂ ದೇಶ ಮಾತ್ರ 2018ರಲ್ಲೇ ಹಣ ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳನ್ನು ಜೂಜಿನ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಹತ್ತು ವರ್ಷದ ಮಗು ದೊಡ್ಡವರ ಫೋನಿನ ಯುಪಿಐಯಿಂದ ಚಕ್ರ ತಿರುಗಿಸ್ತಾನೆ. ಇಂದು ಬಣ್ಣದ ಅಂಗಿಗೆ ಚಕ್ರ ತಿರುಗಿಸಿದ ಬೆರಳು ನಾಳೆ ನೋಟಿಗೆ ತಿರುಗಿಸಲಾರದು ಅಂತ ಹೇಳುವವರು ಯಾರು?

ಹಣದ ಆ್ಯಪ್‌ಗಳು ನಿಂತ ಮಾತ್ರಕ್ಕೆ ಬಾಗಿಲು ಮುಚ್ಚಿತು ಅಂತಲೂ ಅಲ್ಲ. ಹೊರದೇಶದಲ್ಲಿ ಕೂತು ನಡೆಸುವ ಬೆಟ್ಟಿಂಗ್ ತಾಣಗಳ ಲಿಂಕ್ ಟೆಲಿಗ್ರಾಂನಲ್ಲಿ ಓಡಾಡ್ತದೆ. ಅವರಿಗೆ ಹಣ ದಾಟಿಸಲು ಇಲ್ಲಿಯ ಬ್ಯಾಂಕ್ ಖಾತೆ ಬೇಕು. "ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೇವೆ" ಅಂತ ಕಾಲೇಜು ಹುಡುಗರನ್ನು ಹಿಡಿಯುತ್ತಾರೆ. ಪೊಲೀಸರು ಬರುವುದು ಖಾತೆಯ ಹೆಸರಿನವನ ಮನೆಗೆ. ಗಲ್ಫ್‌ಗೆ ಹೋಗಲು ಪಾಸ್‌ಪೋರ್ಟ್ ಕಾಯುತ್ತಿರುವ ಹುಡುಗನಿಗೆ ಒಂದು ಕೇಸ್ ಬಿದ್ದರೆ ಏನಾಗ್ತದೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ನಿಷೇಧದಿಂದ ಕಲಿತದ್ದು

ಬರೀ ನಿಷೇಧದಿಂದ ಏನಾಗ್ತದೆ ಎಂಬುದಕ್ಕೆ ಹತ್ತಿರದ ಚರಿತ್ರೆಯೇ ಸಾಕ್ಷಿ. 2019ರಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿ ಆಡಿದ್ದಕ್ಕೆ ಯುವಕರನ್ನು ಬಂಧಿಸಿದರು. ಆಟ ನಿಲ್ಲಲಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿ ಚೀನಾ ಸಂಬಂಧದ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದು ದೇಶದ ಭದ್ರತೆಯ ಕಾರಣಕ್ಕೆ, ಮಕ್ಕಳ ಓದಿನ ಕಾರಣಕ್ಕೆ ಅಲ್ಲ. ಮಕ್ಕಳು ಫ್ರೀ ಫೈರ್‌ಗೆ ಹೋದರು. 2021ರ ಜುಲೈಯಲ್ಲಿ ಅದೇ ಪಬ್‌ಜಿ ಬಿಜಿಎಂಐ ಹೆಸರಲ್ಲಿ ಬಂತು. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾಯಿತು, ಅದರ ಅಣ್ಣ ಫ್ರೀ ಫೈರ್ ಮ್ಯಾಕ್ಸ್ ಉಳಿಯಿತು. ಅದೇ ಜುಲೈಯಲ್ಲಿ ಬಿಜಿಎಂಐ ಹೋಯಿತು, 2023ರ ಮೇ ತಿಂಗಳಲ್ಲಿ ಮರಳಿ ಬಂತು. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6 ಗಂಟೆ ಎಂಬ ಮಿತಿಯೊಂದಿಗೆ ಬಂತು. ಮಗು ಅಣ್ಣನ ಖಾತೆಯಿಂದ ಆಡಿದರೆ ಆ ಮಿತಿಗೆ ಬೆಲೆ ಏನು?

ಹೊರಗಿನ ದೇಶಗಳ ಅನುಭವವೂ ಇದೇ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗ್ಗೆ 6ರ ತನಕ ಆನ್‌ಲೈನ್ ಆಟ ಆಡಬಾರದೆಂದು ಕಾನೂನು ಮಾಡಿತು. ಹತ್ತು ವರ್ಷದ ಬಳಿಕ ಅದನ್ನು ಕೈಬಿಟ್ಟು ಆಯ್ಕೆಯನ್ನು ಮನೆಯವರಿಗೆ ಕೊಟ್ಟಿತು. ಚೀನಾ 2021ರಲ್ಲಿ ಇನ್ನೂ ಬಿಗಿ ಮಾಡಿತು. ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನ ರಾತ್ರಿ 8ರಿಂದ 9ರವರೆಗೆ ಒಂದು ಗಂಟೆ ಮಾತ್ರ. ಅಲ್ಲೂ ಮಕ್ಕಳು ಅಜ್ಜ ಅಜ್ಜಿಯರ ಹೆಸರಲ್ಲಿ ಖಾತೆ ಮಾಡಿ ಆಡುವ ದಾರಿ ಹುಡುಕಿದರು.

ಒಂದು ವಿಷಯ ಗಮನಿಸಬೇಕು. 2020ರ ಜೂನ್‌ನಲ್ಲಿ ಪಬ್‌ಜಿಯಲ್ಲಿ ಕಾಡಿನ ಮೂರ್ತಿಯೊಂದರ ಎದುರು ಆಟಗಾರ ಮೊಣಕಾಲೂರಿದರೆ ಶಕ್ತಿ ಸಿಗುವ ಒಂದು ಭಾಗ ಬಂತು. ಅರಬ್ ನಾಡುಗಳ ಮುಸ್ಲಿಂ ಆಟಗಾರರು ತಕ್ಷಣ ದನಿಯೆತ್ತಿದರು. ಕಂಪೆನಿ ಕ್ಷಮೆ ಕೇಳಿ ಅದನ್ನು ತೆಗೆಯಿತು. ಮೊದಲು ಎಚ್ಚೆತ್ತು ಕೂಗಿದವರು ಆಡುವ ಮಕ್ಕಳೇ. ಈಮಾನ್ ಇರುವ ಮಗು ಆಟದೊಳಗೂ ಅದನ್ನು ಬಿಟ್ಟುಕೊಡುವುದಿಲ್ಲ ಎಂಬುದಕ್ಕೆ ಇದು ಉದಾಹರಣೆ. ಮಕ್ಕಳನ್ನು ಪೂರಾ ಹಾಳಾದವರು ಅಂತ ಬರೆದುಹಾಕುವವರು ಇದನ್ನು ನೆನಪಿಡಬೇಕು.

ಇನ್ನೊಂದು ಕಡೆ, ಜಗತ್ತು ಹೋಗುತ್ತಿರುವ ದಿಕ್ಕು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕ ಕೊಟ್ಟರು. ಸೌದಿಯ ರಿಯಾದ್‌ನಲ್ಲಿ 2024ರಿಂದ ಇ-ಸ್ಪೋರ್ಟ್ಸ್ ವರ್ಲ್ಡ್ ಕಪ್ ನಡೆಯಿತು. ಸೌದಿಯ ಸರ್ಕಾರಿ ಹೂಡಿಕೆ ನಿಧಿ ಗೇಮ್ ಕಂಪೆನಿಗಳಿಗೆ ಸಾವಿರಾರು ಕೋಟಿ ಡಾಲರ್ ಸುರಿಯುತ್ತಿದೆ. "ನಾನು ಗೇಮ್ ಆಡಿಯೇ ದುಡೀತೇನೆ" ಅನ್ನುವ ಮಗನ ಮಾತಿಗೆ ಇದು ಬಲ ಕೊಡ್ತದೆ. ಆ ಮಾತನ್ನು ನಗೆಯಾಡಬೇಡಿ, ಲೆಕ್ಕ ಹೇಳಿ. ಗಲ್ಲಿ ಕ್ರಿಕೆಟ್ ಆಡುವ ಎಲ್ಲರೂ ಐಪಿಎಲ್‌ಗೆ ಹೋಗುವುದಿಲ್ಲ. ಗೇಮ್ ಆಡಿ ದುಡಿಯುವವರಿಗಿಂತ ಗೇಮ್ ತಯಾರಿಸಿ ದುಡಿಯುವವರು ಎಷ್ಟೋ ಹೆಚ್ಚು. ಚಿತ್ರ ಬಿಡಿಸುವವರು, ಕೋಡ್ ಬರೆಯುವವರು, ಕಥೆ ಕಟ್ಟುವವರು ಅಲ್ಲಿ ಬೇಕು. ಅದಕ್ಕೆ ಪಿಯುಸಿಯಲ್ಲಿ ಗಣಿತ ಗಟ್ಟಿಯಿರಬೇಕು ಅಂತ ಹೇಳಿದರೆ ಕೇಳುವ ಕಿವಿ ಇನ್ನೂ ಇರ್ತದೆ.

ಅಭ್ಯಾಸ ಯಾವುದು, ಕಾಯಿಲೆ ಯಾವುದು?

ಎಲ್ಲ ಆಟವೂ ಕಾಯಿಲೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿನ ಚಟವನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದು ಹೇಳುವ ಗುರುತು ಮೂರು. ಆಟದ ಮೇಲೆ ಹಿಡಿತ ತಪ್ಪುವುದು. ಊಟ, ಓದು, ಬಂಧುಬಳಗ ಎಲ್ಲಕ್ಕಿಂತ ಆಟವೇ ಮೊದಲಾಗುವುದು. ಕೆಡುಕಾಗುತ್ತಿದೆ ಎಂದು ಕಂಡರೂ ಮುಂದುವರಿಸುವುದು. ಇದು ಸಾಮಾನ್ಯವಾಗಿ 12 ತಿಂಗಳ ಕಾಲ ಕಾಣಬೇಕು. ರಜೆಯಲ್ಲಿ ನಾಲ್ಕು ದಿನ ಹೆಚ್ಚು ಆಡಿದವನನ್ನು ರೋಗಿ ಅನ್ನಬಾರದು. ಆದರೆ ಶಾಲೆ ಬಿಟ್ಟವನು, ಊಟ ಬಿಟ್ಟವನು, ಫೋನ್ ಕಸಿದರೆ ಕೈ ಎತ್ತುವವನು, ಮನೆಯಲ್ಲಿ ಹಣ ಕದಿಯುವವನು, ಇವರಿಗೆ ಬೈಗುಳದಿಂದ ಉಪಯೋಗವಿಲ್ಲ, ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಶಟ್ ಎಂಬ ಕ್ಲಿನಿಕ್ 2014ರಿಂದ ಇದೆ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416ಕ್ಕೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮಾನ ಹೋಗ್ತದೆ ಅಂತ ಮುಚ್ಚಿಟ್ಟರೆ ಹಣವೂ ಹೋಗ್ತದೆ, ಮಗನೂ ಹೋಗ್ತಾನೆ.

ನಮ್ಮ ಕೈಯಲ್ಲಿ ಇರುವುದು

ನಮ್ಮ ದೀನ್ ಆಟದ ವಿರೋಧಿ ಅಲ್ಲ. ಪ್ರವಾದಿ (ಸ) ಅವರು ಆಯಿಶಾ (ರ) ಅವರೊಂದಿಗೆ ಓಟದ ಪಂದ್ಯ ಮಾಡಿದ್ದು, ಅಬಿಸೀನಿಯದವರು ಮಸೀದಿಯಲ್ಲಿ ಈಟಿಯಾಟ ಆಡುವುದನ್ನು ಅವರಿಗೆ ತೋರಿಸಿದ್ದು ಹದೀಸಿನಲ್ಲಿ ಬಂದಿದೆ. ಹಾಗೆಯೇ, ಹೆಚ್ಚಿನ ಜನ ನಷ್ಟ ಮಾಡಿಕೊಳ್ಳುವ ಎರಡು ಅನುಗ್ರಹಗಳು ಆರೋಗ್ಯ ಮತ್ತು ಬಿಡುವು ಎಂದೂ ಅವರು ಎಚ್ಚರಿಸಿದ್ದಾರೆ. ಈ ಎರಡನ್ನೂ ಒಟ್ಟಿಗೆ ಹಿಡಿದರೆ ದಾರಿ ಕಾಣ್ತದೆ.

ಮೊದಲನೆಯದಾಗಿ, ಆಟಕ್ಕೆ ಕಳೆದುಹೋದ ಗಡಿಯನ್ನು ಮನೆಯೇ ಮರಳಿ ಕೊಡಬೇಕು. "ಈಗಲೇ ಇಡು" ಅನ್ನುವ ಬದಲು "ಮಗ್ರಿಬ್‌ಗೆ ಅರ್ಧ ಗಂಟೆ ಇರುವಾಗ ಹೊಸ ಮ್ಯಾಚ್ ಇಲ್ಲ" ಅನ್ನಿ. ನಡುವೆ ಎಬ್ಬಿಸುವುದಕ್ಕಿಂತ ಶುರುವಾಗದಂತೆ ನೋಡುವುದು ಸುಲಭ. ಮಗುವಿಗೂ ಗೆಳೆಯರ ಎದುರು ಮುಖ ಉಳಿಯುತ್ತದೆ. ಅದೇ ಸ್ಕ್ವಾಡಿನ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ಹೊತ್ತು ಇಟ್ಟರೆ ಇನ್ನೂ ಒಳ್ಳೆಯದು. ಹಳೆಯ ಮೈದಾನದ ಗುಟ್ಟು ಅದೇ ಆಗಿತ್ತು.

ಎರಡನೆಯದು, ರಾತ್ರಿ ಫೋನುಗಳು ಮಲಗುವ ಕೋಣೆಯ ಹೊರಗೆ, ಒಂದೇ ಕಡೆ ಚಾರ್ಜಿಗೆ. ಎಲ್ಲರ ಫೋನ್, ಉಮ್ಮನದ್ದೂ ಬಾಪನದ್ದೂ ಸೇರಿ. ದೊಡ್ಡವರಿಗೆ ವಿನಾಯಿತಿ ಇರುವ ನಿಯಮ ಮಕ್ಕಳ ಮನೆಯಲ್ಲಿ ನಿಲ್ಲುವುದಿಲ್ಲ.

ಮೂರನೆಯದು ಹಣ. ಮಗುವಿನ ಕೈಗೆ ಯುಪಿಐ ಇರುವ ಫೋನ್ ಕೊಡಬೇಡಿ, ಪಿನ್ ಹೇಳಿಕೊಡಬೇಡಿ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಗೊತ್ತಿಲ್ಲದಿದ್ದರೆ ಮೊಹಲ್ಲಾದ ಕಾಲೇಜು ಹುಡುಗರು ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ. ಜಮಾಅತಿನವರು ಜುಮಾ ಕಳೆದು ಒಂದು ದಿನ ಇದಕ್ಕೆಂದು ಕೂರಿಸಬಹುದು.

ನಾಲ್ಕನೆಯದು, ಬದಲಿ ಜಾಗ. ಫೋನ್ ಕಸಿದುಕೊಂಡರೆ ಸಾಲದು, ಮಗು ಹೋಗಬೇಕಾದ್ದೆಲ್ಲಿಗೆ? ಗದ್ದೆಗಳು ಲೇಔಟ್ ಆದವು, ಮೈದಾನಗಳಲ್ಲಿ ಕಟ್ಟಡ ಬಂತು. ಉಳಿದ ಮೈದಾನ ರಾತ್ರಿ ಲೈಟಿನಲ್ಲಿ ದೊಡ್ಡವರ ಅಂಡರ್‌ಆರ್ಮ್ ಕ್ರಿಕೆಟಿಗೆ. ಹತ್ತು ಹನ್ನೆರಡರ ಮಕ್ಕಳಿಗೆ ಅಸರ್‌ನಿಂದ ಮಗ್ರಿಬ್ ತನಕ ಒಂದು ಚೆಂಡು, ಒಂದಿಷ್ಟು ನೆಲ, ನೋಡಿಕೊಳ್ಳಲು ಒಬ್ಬ ಹಿರಿಯ. ಮಸೀದಿ ಕಟ್ಟಡಕ್ಕೆ ಲಕ್ಷ ಲಕ್ಷ ಕೂಡಿಸುವ ಜಮಾಅತ್‌ಗಳಿಗೆ ಇದು ದೊಡ್ಡ ಖರ್ಚಲ್ಲ.

ಕೊನೆಯದು, ಮಗುವಿನ ಪಕ್ಕ ಅರ್ಧ ಗಂಟೆ ಕೂತು ಅವನ ಆಟ ಏನೆಂದು ಕೇಳಿ. ಯಾರ ಜೊತೆ ಆಡ್ತಿ, ಅವನು ಯಾರು, ಈ ಪೆಟ್ಟಿಗೆ ಯಾಕೆ ತೆರೆಯುವುದು ಎಂದು ಕೇಳಿ. ಗಲ್ಫ್‌ನಲ್ಲಿರುವ ಬಾಪಂದಿರು ಕರೆ ಮಾಡಿದಾಗ ಮಾರ್ಕಿನ ಲೆಕ್ಕದ ಜೊತೆ ಇದನ್ನೂ ಕೇಳಲಿ. ಕೇಳಿಸಿಕೊಂಡವರ ಮಾತಿಗೆ ಮಕ್ಕಳು ಬೆಲೆ ಕೊಡ್ತಾರೆ. ಸರ್ಕಾರ ಆ್ಯಪ್ ಮುಚ್ಚಬಹುದು, ಕಂಪೆನಿ ಗಂಟೆಯ ಮಿತಿ ಹಾಕಬಹುದು. "ಸಾಕು ಮಗನೇ, ಏಳು, ಒಟ್ಟಿಗೆ ಪಳ್ಳಿಗೆ ಹೋಗುವ" ಅಂತ ಹೇಳಲು ಮನೆಯವರಿಗೆ ಮಾತ್ರ ಸಾಧ್ಯ.